ಬಿಸಿನೀರಿನ ವೆಚ್ಚ: ಸ್ನಾನಗೃಹಕ್ಕೊಂದು ಗೀಸರ್ ಅಥವಾ ಇಡೀ ಮನೆಗೊಂದು ಸೋಲಾರ್ ವಾಟರ್ ಹೀಟರ್

1. ಪೀಠಿಕೆ

ಕರ್ನಾಟಕದ ಹೆಚ್ಚಿನ ಭಾಗಗಳಲ್ಲಿ ಚಳಿಗಾಲದಲ್ಲಿಯೂ ಕೊಠಡಿಗಳನ್ನು ಬೆಚ್ಚಗಿಡುವ ಸಾಧನಗಳ ಅಗತ್ಯವಿರುವುದಿಲ್ಲ. ಶಾಖಕ್ಕಾಗಿ ಮನೆಗಳು ಮಾಡುವ ವಿದ್ಯುತ್ ವೆಚ್ಚದಲ್ಲಿ ಸ್ನಾನದ ಬಿಸಿನೀರಿನದೇ ದೊಡ್ಡ ಪಾಲು. ಪ್ರತಿ ಸ್ನಾನಗೃಹಕ್ಕೆ ಪ್ರತ್ಯೇಕ ಗೀಸರ್ ಅಳವಡಿಸುವುದು ಲಾಭಕರವೇ ಅಥವಾ ಇಡೀ ಮನೆಗೆ ಒಂದೇ ಸೋಲಾರ್ ವಾಟರ್ ಹೀಟರ್ ಅಳವಡಿಸುವುದು ಲಾಭಕರವೇ ಎಂಬುದನ್ನು ಗ್ರಾಹಕರು ತಾವೇ ಲೆಕ್ಕ ಹಾಕಿಕೊಳ್ಳಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ.

2. ಬೇಕಾಗುವ ವಿದ್ಯುತ್ತಿನ ಲೆಕ್ಕ

ಒಂದು ಯೂನಿಟ್ ವಿದ್ಯುತ್ತು 860 ಕಿಲೋಕ್ಯಾಲೊರಿ ಶಾಖಕ್ಕೆ ಸಮ. ಅಂದರೆ ಒಂದು ಯೂನಿಟ್‌ನಿಂದ 43 ಲೀಟರ್ ನೀರಿನ ಉಷ್ಣತೆಯನ್ನು 20 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚಿಸಬಹುದು. ಒಬ್ಬರ ಸ್ನಾನಕ್ಕೆ 20 ಲೀಟರ್ ನೀರನ್ನು 22 ಡಿಗ್ರಿಯಿಂದ 40 ಡಿಗ್ರಿಗೆ ಕಾಯಿಸಲು ಸುಮಾರು 0.42 ಯೂನಿಟ್ ಬೇಕು. ನಾಲ್ವರ ಕುಟುಂಬಕ್ಕೆ ಇದು 1.7 ಯೂನಿಟ್ ಆಗುತ್ತದೆ. ಟ್ಯಾಂಕ್ ಹಾಗೂ ಕೊಳವೆಗಳಲ್ಲಿ ನಷ್ಟವಾಗುವ ಶಾಖವನ್ನು ಸೇರಿಸಿ ದಿನಕ್ಕೆ 2 ಯೂನಿಟ್, ತಿಂಗಳಿಗೆ 60 ಯೂನಿಟ್ ಎಂದು ಇಲ್ಲಿ ಪರಿಗಣಿಸಲಾಗಿದೆ.

3. ವೆಚ್ಚದ ಹೋಲಿಕೆ

ಈ ಕೆಳಗಿನ ಮೊತ್ತಗಳು ಉದಾಹರಣೆಗಾಗಿ ಮಾತ್ರ. ಗ್ರಾಹಕರು ತಮ್ಮ ಬಿಲ್ಲಿನ ದರವನ್ನು ಹಾಗೂ ತಾವು ಪಡೆದ ದರಪಟ್ಟಿಯ ಬೆಲೆಯನ್ನು ಬಳಸಿಕೊಳ್ಳತಕ್ಕದ್ದು. ವಿದ್ಯುತ್ ದರ ಯೂನಿಟ್‌ಗೆ 6 ರೂ., ಎರಡು ಗೀಸರ್‌ಗಳಿಗೆ 16,000 ರೂ., ಕೊಳವೆ ಜೋಡಣೆ ಸೇರಿ 100 ಲೀಟರ್ ಸೋಲಾರ್ ವಾಟರ್ ಹೀಟರ್‌ಗೆ 25,000 ರೂ. ಹಾಗೂ ವರ್ಷದಲ್ಲಿ ಬಿಸಿಲು ಸಾಲದ ದಿನಗಳು 90 ಎಂದು ಇಟ್ಟುಕೊಳ್ಳಲಾಗಿದೆ.

(ಅ) ಗೀಸರ್: ವರ್ಷಕ್ಕೆ 720 ಯೂನಿಟ್, 4,320 ರೂ.

(ಆ) ಸೋಲಾರ್, ಮೋಡದ ದಿನಗಳಲ್ಲಿ ವಿದ್ಯುತ್ ಕಾಯಿಲನ್ನು ಒಂದು ಗಂಟೆ ಮಾತ್ರ ಬಳಸಿದರೆ: 180 ಯೂನಿಟ್, 1,080 ರೂ.

(ಇ) ಸೋಲಾರ್, ಅದೇ ದಿನಗಳಲ್ಲಿ ಕಾಯಿಲಿನ ಸ್ವಿಚ್ ಆರಿಸದೆ ಬಿಟ್ಟರೆ: ಸುಮಾರು 396 ಯೂನಿಟ್, 2,376 ರೂ.

(ಆ) ಮತ್ತು (ಇ) ನಡುವಣ ವ್ಯತ್ಯಾಸವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಸೋಲಾರ್ ಟ್ಯಾಂಕಿನ ಕಾಯಿಲು ಬೇಕಾದಷ್ಟು ನೀರನ್ನು ಮಾತ್ರವಲ್ಲದೆ 100 ಲೀಟರನ್ನೂ ಕಾಯಿಸುತ್ತದೆ. 2 ಕಿಲೋವ್ಯಾಟ್ ಕಾಯಿಲು ಒಂದು ಗಂಟೆಯಲ್ಲಿ ಅಷ್ಟೂ ನೀರನ್ನು ಸುಮಾರು 39 ಡಿಗ್ರಿಗೆ ತರುತ್ತದೆ; ಸ್ನಾನಕ್ಕೆ ಇಷ್ಟು ಸಾಕು. ಹಾಗೆಯೇ ಬಿಟ್ಟರೆ 60 ಡಿಗ್ರಿಗೆ ಏರಲು 4.4 ಯೂನಿಟ್ ವ್ಯಯವಾಗುತ್ತದೆ. ಇದು ಗೀಸರ್‌ನ ದಿನದ ಬಳಕೆಯ ಎರಡು ಪಟ್ಟಿಗಿಂತ ಹೆಚ್ಚು.

ಹೊಸ ಮನೆ ಕಟ್ಟುವವರಿಗೆ ಸೋಲಾರ್‌ನ ಹೆಚ್ಚುವರಿ ವೆಚ್ಚ 9,000 ರೂ. ಮಾತ್ರ. ಮಿತವಾಗಿ ಬಳಸಿದಲ್ಲಿ ಇದು ಮೂರು ವರ್ಷಗಳೊಳಗೆ ಮರಳಿ ಬರುತ್ತದೆ. ಈಗಾಗಲೇ ಗೀಸರ್ ಹೊಂದಿರುವವರಿಗೆ ಪೂರ್ಣ 25,000 ರೂ. ಮರಳಲು ಸುಮಾರು ಎಂಟು ವರ್ಷ, ಕಾಯಿಲನ್ನು ಆರಿಸದೆ ಬಿಡುವವರಿಗೆ ಸುಮಾರು ಹದಿಮೂರು ವರ್ಷ ಬೇಕಾಗುತ್ತದೆ. ಒಬ್ಬರೇ ವಾಸಿಸುವ ಮನೆಯಲ್ಲಿ ಗೀಸರ್‌ನ ವಾರ್ಷಿಕ ವೆಚ್ಚವೇ 1,080 ರೂ. ಆಸುಪಾಸಿನಲ್ಲಿರುವುದರಿಂದ ಸಣ್ಣ ಗೀಸರ್ ಸಾಕಾಗುತ್ತದೆ. ಬಾಡಿಗೆದಾರರಿಗೂ ಇದೇ ಸೂಕ್ತ.

4. ಗೃಹ ಜ್ಯೋತಿ ಫಲಾನುಭವಿಗಳ ಗಮನಕ್ಕೆ

2023ರಲ್ಲಿ ಜಾರಿಗೆ ಬಂದ ಗೃಹ ಜ್ಯೋತಿ ಯೋಜನೆಯಡಿ ಪ್ರತಿ ಮನೆಯ ಉಚಿತ ಮಿತಿಯನ್ನು 2022-23ರ ಸರಾಸರಿ ಬಳಕೆಯ ಆಧಾರದ ಮೇಲೆ ನಿಗದಿಪಡಿಸಲಾಗಿದೆ. ಈ ಮಿತಿಯೊಳಗೆ ಬಳಕೆಯಿದ್ದಲ್ಲಿ ಮೇಲ್ಕಂಡ ಉಳಿತಾಯವು ಬಿಲ್ಲಿನಲ್ಲಿ ಕಾಣುವುದಿಲ್ಲ. ಮಿತಿಯನ್ನು ಮೀರಿ 200 ಯೂನಿಟ್‌ವರೆಗೆ ಬಳಸಿದಲ್ಲಿ ಹೆಚ್ಚುವರಿ ಯೂನಿಟ್‌ಗಳಿಗೆ ಹಣ ಪಾವತಿಸಬೇಕು. 200 ಯೂನಿಟ್ ಮೀರಿದಲ್ಲಿ ಆ ತಿಂಗಳ ಪೂರ್ಣ ಬಿಲ್ಲನ್ನು ಪಾವತಿಸಬೇಕಾಗುತ್ತದೆ.

ಉದಾಹರಣೆಗೆ, ತಿಂಗಳಿಗೆ 150 ಯೂನಿಟ್ ಬಳಸುವ ಮನೆಗೆ ಗೀಸರ್‌ನ 60 ಯೂನಿಟ್ ಸೇರಿದರೆ ಒಟ್ಟು 210 ಯೂನಿಟ್ ಆಗುತ್ತದೆ. ಆಗ ಗ್ರಾಹಕರಿಗೆ ಬರುವ ಹೊರೆ 60 ಯೂನಿಟ್‌ನ 360 ರೂ. ಅಲ್ಲ, 210 ಯೂನಿಟ್‌ನ 1,260 ರೂ. ಮತ್ತು ನಿಗದಿತ ಶುಲ್ಕ. ಆದುದರಿಂದ ಗೀಸರ್ ಕೊಳ್ಳುವ ಮೊದಲು ಹಿಂದಿನ ಚಳಿಗಾಲದ ಮತ್ತು ಮಳೆಗಾಲದ ಬಿಲ್ಲುಗಳನ್ನು ಪರಿಶೀಲಿಸುವುದು ಅಗತ್ಯ.

5. ಇತರ ಅಂಶಗಳು

(ಅ) ಮಂಜೂರಾದ ಲೋಡ್: ನಿಗದಿತ ಶುಲ್ಕವನ್ನು ಮಂಜೂರಾದ ಕಿಲೋವ್ಯಾಟ್ ಆಧಾರದ ಮೇಲೆ ವಿಧಿಸಲಾಗುತ್ತದೆ. ಗೀಸರ್‌ಗಳಿಗಾಗಿ ಲೋಡ್ ಹೆಚ್ಚಿಸಿಕೊಂಡಲ್ಲಿ ಅವುಗಳನ್ನು ಬಳಸದ ತಿಂಗಳುಗಳಲ್ಲಿಯೂ ಈ ಶುಲ್ಕ ಹೆಚ್ಚಾಗಿಯೇ ಇರುತ್ತದೆ.

(ಆ) ಗಡಸು ನೀರು: ಕೊಳವೆಬಾವಿಯ ಗಡಸು ನೀರಿನಿಂದ ಗೀಸರ್ ಕಾಯಿಲಿನಲ್ಲಿಯೂ ಸೋಲಾರ್ ಫಲಕದ ತಾಮ್ರದ ಕೊಳವೆಗಳಲ್ಲಿಯೂ ಸುಣ್ಣ ಕಟ್ಟುತ್ತದೆ. ಸೋಲಾರ್ ಕೊಳ್ಳುವ ಮೊದಲು ನೀರಿನ ಪರೀಕ್ಷೆ ಮಾಡಿಸುವುದು ಒಳಿತು.

(ಇ) ಕೊಳವೆಯ ಉದ್ದ: 15 ಮಿ.ಮೀ. ಒಳವ್ಯಾಸದ ಕೊಳವೆಯ ಪ್ರತಿ 10 ಮೀಟರ್‌ನಲ್ಲಿ ಸುಮಾರು 1.8 ಲೀಟರ್ ತಣ್ಣೀರು ನಿಂತಿರುತ್ತದೆ. ಟ್ಯಾಂಕ್ ಸ್ನಾನಗೃಹಕ್ಕೆ ಹತ್ತಿರವಿದ್ದಷ್ಟೂ ಮತ್ತು ಕೊಳವೆಗೆ ಶಾಖನಿರೋಧಕ ಹೊದಿಕೆ ಇದ್ದಷ್ಟೂ ನಷ್ಟ ಕಡಿಮೆ.

(ಈ) ಗೀಸರ್ ಆಯ್ಕೆ: ಟ್ಯಾಂಕ್ ಇರುವ ಗೀಸರ್ ಕೊಳ್ಳುವಾಗ ಇಂಧನ ದಕ್ಷತಾ ಬ್ಯೂರೋದ ನಕ್ಷತ್ರ ಚೀಟಿಯನ್ನು ನೋಡುವುದು. ನಕ್ಷತ್ರಗಳು ಹೆಚ್ಚಿದ್ದಷ್ಟೂ ನಿಂತ ನೀರಿನ ಶಾಖನಷ್ಟ ಕಡಿಮೆ.

6. ಹೊಸ ಸಂಪರ್ಕ ಮತ್ತು ರಿಯಾಯಿತಿ

ನಗರ ಪ್ರದೇಶಗಳಲ್ಲಿ ನಿಗದಿತ ವಿಸ್ತೀರ್ಣದ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯಗೊಳಿಸಿ ರಾಜ್ಯ ಸರ್ಕಾರವು 2007ರಲ್ಲಿ ಆದೇಶ ಹೊರಡಿಸಿದೆ. ಹೊಸ ಸಂಪರ್ಕ ಕೋರುವವರು ತಮ್ಮ ಕಟ್ಟಡಕ್ಕೆ ಇದು ಅನ್ವಯಿಸುವುದೇ ಎಂಬುದನ್ನು ಉಪವಿಭಾಗ ಕಚೇರಿಯಲ್ಲಿ ಮೊದಲೇ ವಿಚಾರಿಸತಕ್ಕದ್ದು. ಸೋಲಾರ್ ಬಳಸುವ ಗೃಹ ಸ್ಥಾವರಗಳಿಗೆ ಹಲವು ವರ್ಷಗಳ ವಿದ್ಯುತ್ ದರಪಟ್ಟಿಗಳಲ್ಲಿ ಯೂನಿಟ್‌ಗೆ 50 ಪೈಸೆಯಂತೆ, ತಿಂಗಳಿಗೆ ಗರಿಷ್ಠ 50 ರೂ. ರಿಯಾಯಿತಿ ನೀಡಲಾಗಿದೆ. ಚಾಲ್ತಿಯಲ್ಲಿರುವ ದರಪಟ್ಟಿಯನ್ನು ನೋಡಿಕೊಂಡು, ಆರ್.ಆರ್. ಸಂಖ್ಯೆ, ಇತ್ತೀಚಿನ ಬಿಲ್ಲು ಹಾಗೂ ಖರೀದಿ ರಸೀದಿಯೊಂದಿಗೆ ಸಂಬಂಧಪಟ್ಟ ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗ ಕಚೇರಿಯನ್ನು ಸಂಪರ್ಕಿಸಲು ಕೋರಲಾಗಿದೆ. ಸಹಾಯವಾಣಿ: 1912.