ಅಖಂಡ ಬಾಗಿಲಿನ ಭರತ–ಬಾಹುಬಲಿ: ಅಣ್ಣ ತಮ್ಮಂದಿರ ಸ್ಮಾರಕ

ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಒಂದೇ ಬಂಡೆಯಿಂದ ಕಡೆದ ಅಖಂಡ ಬಾಗಿಲಿದೆ. ಅದರ ಮೇಲಿನ ಗಜಲಕ್ಷ್ಮಿಯನ್ನು ಎಲ್ಲರೂ ನೋಡುತ್ತಾರೆ. ಎಡಬಲದ ಎರಡು ಚಿಕ್ಕ ಗುಡಿಗಳ ಮುಂದೆ ನಿಲ್ಲುವವರು ಕಡಿಮೆ. ಒಂದರಲ್ಲಿ ಬಾಹುಬಲಿ ಸ್ವಾಮಿ, ಇನ್ನೊಂದರಲ್ಲಿ ಅಣ್ಣ ಭರತ.

ಸುಮಾರು 1130ರಲ್ಲಿ ಇವನ್ನು ಮಾಡಿಸಿದವನು ಹೊಯ್ಸಳ ದಂಡನಾಯಕ ಭರತಮಯ್ಯ. ಗಂಡವಿಮುಕ್ತ ಸಿದ್ಧಾಂತದೇವರ ಶಿಷ್ಯನಾದ ಇವನ ಅಣ್ಣ ಮರಿಯಾನೆಯೂ ದಂಡನಾಯಕನೇ. ಭರತಮಯ್ಯ ಗಂಗವಾಡಿಯಲ್ಲಿ 80 ಹೊಸ ಬಸದಿಗಳನ್ನು ಕಟ್ಟಿಸಿ, 200 ಹಳೆಯ ಬಸದಿಗಳ ಜೀರ್ಣೋದ್ಧಾರ ಮಾಡಿಸಿದನೆಂದು ಬೆಳಗೊಳದ ಶಾಸನ ಹೇಳುತ್ತದೆ. ಇಂದಿನ ನಂಜನಗೂಡು, ತಿ. ನರಸೀಪುರದ ನೆಲವೂ ಆ ಗಂಗವಾಡಿಗೇ ಸೇರಿತ್ತು. ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯ ಮಂತ್ರಿಯಾಗಿದ್ದ ಗಂಗರ ರಾಜಧಾನಿ ತಲಕಾಡು ಇರುವುದು ತಿ. ನರಸೀಪುರ ತಾಲ್ಲೂಕಿನಲ್ಲಿ.

ಅಣ್ಣ ತಮ್ಮಂದಿರ ಕಥೆ ಎಂದರೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳೇ ನೆನಪಾಗುತ್ತವೆ. ಸೋತ ಭರತ ಬಿಟ್ಟ ಚಕ್ರರತ್ನ ತಮ್ಮನಿಗೆ ಪ್ರದಕ್ಷಿಣೆ ಬಂದು ನಿಂತಿತು. ಬಾಹುಬಲಿ ಗೆದ್ದ ರಾಜ್ಯವನ್ನು ಬಿಟ್ಟು ತಪಸ್ಸಿಗೆ ಹೊರಟ. ಕಥೆಯ ನಿಜವಾದ ತಿರುಳು ಇದರ ನಂತರದ್ದು. ವರ್ಷ ಕಳೆದರೂ ಕೇವಲಜ್ಞಾನ ದೊರೆಯಲಿಲ್ಲ. ತಾನು ನಿಂತಿರುವುದು ಅಣ್ಣನ ನೆಲದಲ್ಲಿ ಎಂಬ ಶಲ್ಯ ಕಾಡುತ್ತಿತ್ತು ಎಂದು ಜನ ಹೇಳುತ್ತಾರೆ. ಜಿನಸೇನಾಚಾರ್ಯರ ಆದಿಪುರಾಣದ ಪ್ರಕಾರ, ತನ್ನಿಂದ ಅಣ್ಣನಿಗೆ ನೋವಾಯಿತೆಂಬ ಕೊರಗು. ಚಕ್ರವರ್ತಿಯೇ ಬಂದು ತಮ್ಮನನ್ನು ಪೂಜಿಸಿದಾಗ ಆ ತಡೆ ಕಳಚಿತು.

ಬಾಹುಬಲಿಯ ಮೊದಲ ಮೂರ್ತಿಯನ್ನು ಮಾಡಿಸಿದವನೂ ಈ ಅಣ್ಣನೇ. ಪೌದನಪುರದಲ್ಲಿ ಭರತ 525 ಬಿಲ್ಲಿನಷ್ಟು ಎತ್ತರದ ಪ್ರತಿಮೆ ನಿಲ್ಲಿಸಿದನೆಂದು ಬೊಪ್ಪಣ ಪಂಡಿತ ರಚಿಸಿದ ಸುಮಾರು 1180ರ ಬೆಳಗೊಳದ ಶಾಸನದಲ್ಲಿದೆ. ಮುಂದೆ ಆ ಜಾಗ ಕುಕ್ಕುಟಸರ್ಪಗಳಿಂದ ತುಂಬಿ ದರ್ಶನಕ್ಕೆ ನಿಲುಕದಾಯಿತು. ಅದನ್ನು ಕೇಳಿಯೇ ಚಾವುಂಡರಾಯ ಇಲ್ಲಿ ಗೊಮ್ಮಟನನ್ನು ಮಾಡಿಸಿದ ಎನ್ನುತ್ತದೆ ಆ ಶಾಸನ. ಅಂದರೆ 981ರ 58 ಅಡಿಯ ಮೂರ್ತಿಯ ಹಿಂದೆಯೂ ಅಣ್ಣನ ಗೌರವದ ನೆನಪಿದೆ.

ಬೆಳಗೊಳದ ಕಂಚಿನ ಬಾಹುಬಲಿಯೊಂದು ಈಗ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿದೆ, ಸುಮಾರು ಅರ್ಧ ಮೀಟರ್ ಎತ್ತರ. ಮೈಗೆ ಬಳ್ಳಿ ಸುತ್ತಿದೆ, ಪಕ್ಕದಲ್ಲಿ ಭರತನಿಲ್ಲ. ಸಾಮಾನ್ಯವಾಗಿ ಹೀಗೆಯೇ, ಬಾಹುಬಲಿ ಒಬ್ಬನೇ ನಿಲ್ಲುತ್ತಾನೆ. ಹಾಗಾಗಿಯೇ ಇಬ್ಬರಿಗೂ ಸಮನಾಗಿ ಗುಡಿ ಕೊಟ್ಟ ಅಖಂಡ ಬಾಗಿಲು ವಿಶೇಷವಾದದ್ದು.

ಎದುರಿನ ಚಂದ್ರಗಿರಿಯಲ್ಲಿ ಭರತನದೆಂದು ಗುರುತಿಸುವ ಇನ್ನೊಂದು ಮೂರ್ತಿಯಿದೆ. ಸುಮಾರು 9 ಅಡಿ ಎತ್ತರದ ಅದು ಮೊಣಕಾಲಿನವರೆಗಷ್ಟೇ ರೂಪುಗೊಂಡು ನಿಂತಿದೆ.