ನೆಗ್ಗಿದ ತಗಡಿನ ಚರಿತ್ರೆ

ಕನ್ನಡದಲ್ಲಿ 'ನೆಗ್ಗು' ಎಂಬುದೊಂದು ಮಾತಿದೆ. ಬಾವಿಕಟ್ಟೆಗೆ ತಾಗಿ ಮೈ ಒಳಕ್ಕೆ ಕುಸಿದ ಕೊಡವನ್ನು ನಮ್ಮ ಮನೆಗಳಲ್ಲಿ 'ನೆಗ್ಗಿದೆ' ಎಂದರೇ ಹೊರತು 'ಒಡೆದಿದೆ' ಎನ್ನಲಿಲ್ಲ. ಒಡೆದದ್ದನ್ನು ಬೆಸೆಯಬೇಕು, ನೆಗ್ಗಿದ್ದನ್ನು ಎತ್ತಬೇಕು. ಕೊಡತಿ, ಅಡೆಗಲ್ಲು, ಅರ, ತಗಡು ಮೊದಲಾದ ಮಾತುಗಳೆಲ್ಲ ನಮ್ಮ ಕಂಚುಗಾರರ, ಬೋಗಾರರ ಬೀದಿಗಳಲ್ಲಿ ಬಹುಕಾಲ ಬಾಳಿದವು. ರಾಜರ ದತ್ತಿಗಳನ್ನು ಕೊರೆದದ್ದು ತಾಮ್ರದ ತಗಡಿನ ಮೇಲೆಯೇ ಎಂಬುದನ್ನು ನೆನೆದರೆ, ತಗಡಿಗೆ ಸಾಹಿತ್ಯದ ನಂಟೂ ಇಲ್ಲದಿಲ್ಲ. ಈ ಹೊತ್ತು ನಾನು ಹೇಳಹೊರಟಿರುವುದು ತಾಮ್ರದ ತಗಡಿನ ಮಾತಲ್ಲ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಹಳೆಯ ಮೋಟಾರುಗಳ ಉಕ್ಕಿನ ಮೈಯನ್ನು ತಟ್ಟಿ ತಿದ್ದಿದವರ ಮಾತು.

1809ರಲ್ಲಿ ಇಂಗ್ಲಿಷರ ಪಾಳೆಯ ಹಲಸೂರಿನ ಮಗ್ಗುಲಿಗೆ ಬಂದು ಬೀಡುಬಿಟ್ಟಿತು. ಸೈನ್ಯ ಬಂದ ಕಡೆಗೆ ಸೈನ್ಯಕ್ಕೆ ಬೇಕಾದವರೂ ಬರುತ್ತಾರೆ. ಲಾಳ ಕಟ್ಟುವವರು, ಜೀನು ಹೊಲಿಯುವವರು, ಸಾರೋಟಿನ ಚಕ್ರಕ್ಕೆ ಪಟ್ಟಿ ಏರಿಸುವವರು, ಪಾತ್ರೆಗೆ ಕಲಾಯಿ ಹಾಕುವವರು ಬಂದು ನೆಲೆಸಿದರು. ಮುಂದೆ ಶಿವಾಜಿನಗರವೆನಿಸಿದ ಬ್ಲ್ಯಾಕ್‌ಪಲ್ಲಿಯಲ್ಲಿ ತಮಿಳು, ದಖನಿ ಉರ್ದು, ತೆಲುಗು, ಕನ್ನಡಗಳು ಒಂದೇ ಜಗಲಿಯ ಮೇಲೆ ಕುಳಿತವು. 1864ರಲ್ಲಿ ಜೋಲಾರಪೇಟೆಯ ಕಡೆಯಿಂದ ರೈಲು ಬಂದಮೇಲೆ ಮದರಾಸಿನ ಸರಕು ಸಲೀಸಾಗಿ ಬರತೊಡಗಿತು. ಆ ಮದರಾಸಿನಲ್ಲಿ ಸಿಂಪ್ಸನ್ ಕಂಪನಿ 1840ರಿಂದಲೇ ಕುದುರೆಗಾಡಿಗಳನ್ನು ಕಟ್ಟುತ್ತಿದ್ದಿತು. ಮೋಟಾರು ಬಂದಾಗ ಮೊದಮೊದಲು ಅದರ ಮೈಯೂ ಸಾರೋಟಿನ ಮೈಯೇ: ಮರದ ಚೌಕಟ್ಟು, ಅದರ ಮೇಲೆ ಹೊದಿಸಿದ ಹಲಗೆ ಇಲ್ಲವೆ ತಗಡು. ಪೂರ್ತಿ ಉಕ್ಕಿನ ಮೈ ಎಂಬುದು ಅಮೆರಿಕದಲ್ಲಿ ಎಡ್ವರ್ಡ್ ಬಡ್ ಎಂಬಾತನ ಸಾಹಸದಿಂದ 1914ರ ಡಾಜ್ ಕಾರಿನೊಂದಿಗೆ ಬಳಕೆಗೆ ಬಂದಿತು. ಬಡಗಿಯ ಕೈಯಲ್ಲಿದ್ದ ಗಾಡಿ ಕ್ರಮೇಣ ತಗಡಿನವನ ಕೈಗೆ ಬಂದದ್ದು ಹೀಗೆ.

ತಗಡಿನ ವಿದ್ಯೆಗೆ ಬೆಂಗಳೂರಿನ ಪೂರ್ವದಿಕ್ಕಿನಲ್ಲಿ ದೊಡ್ಡ ಆಶ್ರಯ ದೊರೆತದ್ದು 1940ರ ಡಿಸೆಂಬರಿನಲ್ಲಿ. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಯುದ್ಧದ ನಡುವೆ, 1943ರಲ್ಲಿ, ಅದು ಅಮೆರಿಕದ ವಾಯುಪಡೆಯ ಕೈಗೆ ಹೋಗಿ ವಿಮಾನಗಳ ದುರಸ್ತಿಯ ಭಾರಿ ಕೇಂದ್ರವಾಯಿತು. ಯುದ್ಧ ಮುಗಿದ ಮೇಲಿನ ಕಥೆ ಇನ್ನೂ ಸ್ವಾರಸ್ಯಕರವಾದುದು. ಕಾನ್ಪುರದ ವಿಮಾನನಿಲ್ದಾಣದಲ್ಲಿ ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಬಾಂಬರ್ ವಿಮಾನಗಳ ಸಾಲೇ ಅನಾಥವಾಗಿ ಬಿದ್ದಿದ್ದಿತು. ಬಿಟ್ಟುಹೋದವರು ಅವು ಮತ್ತೆ ಹಾರದಂತೆ ಬೇಕೆಂದೇ ಜಜ್ಜಿ ಹೋಗಿದ್ದರು. 1948ರಲ್ಲಿ ನಮ್ಮ ಕಾರ್ಖಾನೆಯವರು ಅವನ್ನು ಹಾರುವಷ್ಟರ ಮಟ್ಟಿಗೆ ಅಲ್ಲಿಯೇ ಸಜ್ಜುಗೊಳಿಸಿದರು. ಪೈಲಟ್ ಜಮ್‌ಷೆಡ್ ಮುನ್ಷಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಅವು ಮರುಜನ್ಮ ಪಡೆದು ಭಾರತದ ವಾಯುಪಡೆ ಸೇರಿ 1968ರವರೆಗೆ ದುಡಿದವು. ಅವುಗಳಲ್ಲೊಂದು ಇಂಗ್ಲೆಂಡಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಮ್ಮಿಗೂ ಮತ್ತೊಂದು ಅಮೆರಿಕದ ಅರಿಜೋನಾದ ಪೀಮಾ ಸಂಗ್ರಹಾಲಯಕ್ಕೂ ಸಂದವು. ಮುನ್ಷಿಯವರ ಹೆಸರು ಉಳಿಯಿತು, ಉಳಿಯತಕ್ಕದ್ದೇ. ಆದರೆ ಜಜ್ಜಿದ ಆ ಮೈಗಳನ್ನು ತಟ್ಟಿ ಸಮಮಾಡಿದ ಕೈಗಳ ಹೆಸರನ್ನು ನಾನು ಓದಿದ ಯಾವ ವೃತ್ತಾಂತವೂ ಹೇಳುವುದಿಲ್ಲ.

ವಿಮಾನದ ಅಲ್ಯೂಮಿನಿಯಮ್ಮಿಗೂ ಕಾರಿನ ಉಕ್ಕಿಗೂ ಸ್ವಭಾವ ಬೇರೆ. ಉಕ್ಕು ಕಾದರೆ ಕೆಂಪಾಗಿ ಮುನ್ಸೂಚನೆ ಕೊಡುತ್ತದೆ. ಅಲ್ಯೂಮಿನಿಯಮ್ ಬಣ್ಣವನ್ನೇ ತೋರದೆ ಒಮ್ಮೆಗೇ ಕರಗಿಬಿಡುತ್ತದೆ. ಅದಕ್ಕೆಂದೇ ಬಲ್ಲವರು ಅದರ ಮೈಗೆ ಸಾಬೂನು ಸವರಿ ಕಾಯಿಸುತ್ತಾರೆ. ಸಾಬೂನು ಕಂದುಗಪ್ಪಾದಾಗ ಲೋಹ ಮೆದುವಾಯಿತೆಂದು ಅರ್ಥ.

ಇನ್ನು ಮೋಟಾರುಗಳ ಮಾತಿಗೆ ಬರೋಣ. 1953ರಲ್ಲಿ ಭಾರತ ಸರ್ಕಾರ, ಇಲ್ಲಿಯೇ ತಯಾರಿಸುವವರಿಗೆ ಮಾತ್ರ ಎಡೆ ಎಂಬ ನೀತಿಯನ್ನು ತಳೆದ ಮೇಲೆ ಫೋರ್ಡ್, ಜನರಲ್ ಮೋಟಾರ್ಸ್ ಕಂಪನಿಗಳು ಅಂಗಡಿ ಮುಚ್ಚಿದವು. ಆದರೆ ದಂಡಿನ ಬಂಗಲೆಗಳಲ್ಲಿ ಫೋರ್ಡ್, ಷೆವ್ರೊಲೆ, ಆಸ್ಟಿನ್, ಮಾರಿಸ್ ಮೈನರ್‌ಗಳು ಉಳಿದವು. ಹೊಸ ಮಡ್‌ಗಾರ್ಡ್ ತರಿಸುವುದು ಕನಸಿನ ಮಾತು. ಆದ್ದರಿಂದ ನೆಗ್ಗಿದ್ದನ್ನೇ ಎತ್ತಬೇಕು, ತುಕ್ಕು ತಿಂದದ್ದನ್ನು ಕತ್ತರಿಸಿ ಅದೇ ದಪ್ಪದ ತಗಡಿನ ತೇಪೆ ಬೆಸೆಯಬೇಕು. ಶಿವಾಜಿನಗರದ ಗುಜರಿಯೂ ಟಿಂಕರಿಂಗ್ ಅಂಗಡಿಗಳೂ ಬೆಳೆದದ್ದು ಈ ಕೊರತೆಯ ಗೊಬ್ಬರದಿಂದ. ಕೊರತೆಯನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಅಲ್ಲಿ ದುಡಿದ ಎಳೆಯ ಹುಡುಗರ ಬಾಲ್ಯವೂ, ಸೀಸದ ಹೊಗೆ ಕುಡಿದ ಉಸ್ತಾದರ ಶ್ವಾಸಕೋಶವೂ ಅದರ ಬೆಲೆ ತೆತ್ತವು.

ಆ ಕೆಲಸದ ಕ್ರಮವನ್ನು ತುಸು ವಿವರಿಸಬೇಕು. ಆ ಕಾಲದ ಕಾರಿನ ತಗಡು ಒಂದು ಮಿಲಿಮೀಟರಿನ ಆಸುಪಾಸಿನ ದಪ್ಪದ್ದು. ಪೆಟ್ಟು ಬಿದ್ದಾಗ ನಡುವೆ ತಗ್ಗಾಗುತ್ತದೆ, ಸುತ್ತ ಒಂದು ಏಣು ಏಳುತ್ತದೆ. ಮಡಿಕೆ ಬಿದ್ದ ಆ ಏಣಿನಲ್ಲಿ ಉಕ್ಕು ಮೊದಲಿಗಿಂತ ಗಡುಸು. ಅರಿಯದವನು ತಗ್ಗಿನ ನಡುವಿಗೇ ಹಿಂದಿನಿಂದ ಗುದ್ದುತ್ತಾನೆ; ಗಡುಸಾದ ಏಣು ಬಗ್ಗದೆ ಅದರ ಪಕ್ಕದಲ್ಲಿ ಇನ್ನೆರಡು ಮಡಿಕೆಗಳು ಹುಟ್ಟುತ್ತವೆ. ಅರಿತವನು ಹಿಂಬದಿಗೆ ಡಾಲಿ ಎಂಬ ಉಕ್ಕಿನ ಗಟ್ಟಿಯನ್ನು ಒತ್ತಿಹಿಡಿದು, ಮುಂಬದಿಯಲ್ಲಿ ಏಣಿನ ಮೇಲೆ ಹಗುರವಾಗಿ ತಟ್ಟುತ್ತ ಬರುತ್ತಾನೆ. ಏಣು ತಗ್ಗಿದಂತೆಲ್ಲ ತಗ್ಗು ತಾನಾಗಿ ಏಳುತ್ತದೆ. ಕೊನೆಗೆ ಬಿದ್ದ ಪೆಟ್ಟನ್ನು ಮೊದಲು ಬಿಡಿಸಬೇಕೆಂಬುದು ಇಲ್ಲಿಯ ನಿಯಮ. ಓಲೆಗರಿಗಳ ಪ್ರತಿ ಹಿಡಿದು ಗ್ರಂಥಸಂಪಾದನೆ ಮಾಡಿದವರಿಗೆ ಇದು ಹೊಸದೆನಿಸದು. ಅವರೂ ಕಡೆಯ ಲಿಪಿಕಾರನ ಸ್ಖಾಲಿತ್ಯವನ್ನು ಮೊದಲು ಕಳೆದು ಹಿಂದಕ್ಕೆ ನಡೆಯುತ್ತಾರೆ.

ಇದಕ್ಕಿಂತ ಕಠಿನವಾದದ್ದು ಹಿಗ್ಗಿದ ತಗಡು. ಹೆಚ್ಚು ಬಡಿದರೆ, ಇಲ್ಲವೆ ಬೆಸುಗೆಯ ಕಾವು ಅಡ್ಡಾದಿಡ್ಡಿ ತಾಗಿದರೆ, ತಗಡಿಗೆ ತನ್ನ ಚೌಕಟ್ಟಿನೊಳಗೆ ಹಿಡಿಸದಷ್ಟು ಮೈ ಬರುತ್ತದೆ. ಒತ್ತಿದರೆ ಡಬ್ಬದ ಮುಚ್ಚಳದಂತೆ ಟಪ್ಪೆಂದು ಒಳಕ್ಕೆ ಹೋಗುತ್ತದೆ, ಬಿಟ್ಟರೆ ಟಪ್ಪೆಂದು ಹೊರಕ್ಕೆ ಬರುತ್ತದೆ. ಅದನ್ನು ಕುಗ್ಗಿಸುವ ಉಪಾಯ ಬೆಂಕಿಯೇ. ಉಬ್ಬಿನ ನೆತ್ತಿಯಲ್ಲಿ ನಾಣ್ಯದಗಲ ಜಾಗವನ್ನು ಗ್ಯಾಸಿನ ಜ್ವಾಲೆಯಿಂದ ಕೆಂಪಗೆ ಕಾಯಿಸುತ್ತಾರೆ. ಕಾದದ್ದು ಹಿಗ್ಗಬೇಕು, ಸುತ್ತಲಿನ ತಣ್ಣನೆಯ ತಗಡು ಅಡ್ಡಕ್ಕೆ ಹರಡಗೊಡದು, ಆಗ ಅದು ದಪ್ಪವಾಗುತ್ತದೆ. ಆ ಕ್ಷಣದಲ್ಲಿ ಕೊಡತಿಯಿಂದ ತಟ್ಟಿ, ಒದ್ದೆ ಬಟ್ಟೆಯಿಂದ ಒತ್ತಿದರೆ, ತಣಿಯುತ್ತ ಸುತ್ತಲಿನ ತಗಡನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ. ಬಿಂದುಬಿಂದುವಾಗಿ ಹೀಗೆ ನಡೆಯಬೇಕು. ಒಂದು ಬಿಂದು ಹೆಚ್ಚಾದರೆ ಮೈ ಬಿಗಿದು ಇನ್ನೊಂದು ಕಡೆ ಸೊಟ್ಟಗಾಗುತ್ತದೆ. ಬಳಿಕ ಅರ ಹಾಯಿಸಿದರೆ ಉಬ್ಬು ಹೊಳೆಯುತ್ತದೆ, ತಗ್ಗು ಕಪ್ಪಾಗಿಯೇ ಉಳಿಯುತ್ತದೆ. ಹಲಸೂರಿನ ಮೇಸ್ತ್ರಿಯೊಬ್ಬರು ನಾನು ಕನ್ನಡಕ ಸರಿಮಾಡಿಕೊಂಡು ಬಗ್ಗಿದ್ದನ್ನು ಕಂಡು, "ಸಾರ್, ಕಣ್ಣಿಗೆ ಕಾಣಲ್ಲ, ಅಂಗೈ ಇಟ್ಟು ನೋಡಿ" ಎಂದರು. ನನ್ನ ಅಂಗೈಗೆ ಏನೂ ತಿಳಿಯಲಿಲ್ಲ. ಅವರು ಸೀಮೆಸುಣ್ಣದಿಂದ ಮೂರು ಕಡೆ ಗುರುತು ಹಾಕಿದರು.

ಪಟ್ಟಿ ಎಂದು ನಮ್ಮವರು ಕರೆಯುವ ಪುಟ್ಟಿಯ ಡಬ್ಬ ಅಗ್ಗವಾದ ಮೇಲೆ ಈ ತಾಳ್ಮೆ ದುಬಾರಿಯಾಯಿತು. ತಗ್ಗಿಗೆ ಮೆತ್ತಿ ಉಪ್ಪುಕಾಗದ ತಿಕ್ಕಿ ಬಣ್ಣ ಹೊಡೆದರೆ ನೋಟಕ್ಕೆ ಕುಂದಿಲ್ಲ. ಅಯಸ್ಕಾಂತ ಹಿಡಿದರೆ ಮಾತ್ರ ಅಂಟದೆ ಜಾರುತ್ತದೆ, ನಾಲ್ಕು ಮಳೆಗಾಲದಲ್ಲಿ ಅದರಡಿ ತುಕ್ಕು ಏಳುತ್ತದೆ. ತೆಳುವಾಗಿ ಬಳಸಿದರೆ ಪುಟ್ಟಿ ತಪ್ಪಲ್ಲ. ಬೆರಳುದಪ್ಪ ಮೆತ್ತುವುದನ್ನು ದುರಸ್ತಿ ಎನ್ನಲು ನನಗೆ ಮನಸ್ಸಿಲ್ಲ.

ಈಗ ಕಾನೂನೂ ಈ ಮಾತಿನೊಳಕ್ಕೆ ಬಂದಿದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದಂತೆ 50 ವರ್ಷ ಮೀರಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರು ಫಲಕದಲ್ಲಿ ರಾಜ್ಯದ ಅಕ್ಷರಗಳ ಬಳಿಕ 'ವಿಎ'. ಆದರೆ ವಾಹನ ಮೂಲರೂಪದಲ್ಲಿರಬೇಕು. ಷಾಸಿ, ಮೈ, ಎಂಜಿನ್ನುಗಳನ್ನು ಗಣನೀಯವಾಗಿ ಮಾರ್ಪಡಿಸಿರಕೂಡದು. 1961ರಿಂದ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರುಗಳು ಈ ವಯಸ್ಸು ದಾಟಿವೆ. ಅದರ ಮೈಯ ಭಾಗಗಳನ್ನು ಬೋಲ್ಟಿನಿಂದ ಜೋಡಿಸಿರುವುದರಿಂದ ಬಿಚ್ಚಿ ನೆಲದ ಮೇಲಿಟ್ಟು ತಟ್ಟಬಹುದು. ಇಡೀ ಮೈಯೇ ಒಂದಾದ ಅಂಬಾಸಿಡರಿನಲ್ಲಿ ಈ ಅನುಕೂಲವಿಲ್ಲ. ಹಲಸೂರಿನ ಆ ಮೇಸ್ತ್ರಿಯವರ ಮುಂದೆ ಅಂದು ಇದ್ದದ್ದು ಹೆರಾಲ್ಡಿನ ಬಾನೆಟ್ಟೇ. ಮಾಲೀಕರು ಫೈಬರಿನದನ್ನು ಹಾಕಿಬಿಡೋಣವೆಂದು ಅವಸರಪಡುತ್ತಿದ್ದರು. ಮೇಸ್ತ್ರಿ ಇನ್ನೊಂದು ವಾರ ಕೇಳಿ, ತೇಪೆಯ ತಗಡಿಗಾಗಿ ಹುಡುಗನನ್ನು ಶಿವಾಜಿನಗರದ ಗುಜರಿಗೆ ಅಟ್ಟಿದರು.