ಸೈನಿಕರ ಅಂಗವೈಕಲ್ಯ ಪಿಂಚಣಿ ಮತ್ತು ಸೇವೆಯ ನಂಟು

ಸೇನೆಯಲ್ಲಿದ್ದಾಗ ಗಾಯಗೊಂಡ ಅಥವಾ ಕಾಯಿಲೆ ಬಿದ್ದ ಯೋಧನಿಗೆ ಅಂಗವೈಕಲ್ಯ ಪಿಂಚಣಿ ಸಿಗಬೇಕಾದರೆ ಆ ಊನಕ್ಕೂ ಸೇವೆಗೂ ನಂಟಿದೆ ಎಂದು ತೀರ್ಮಾನವಾಗಬೇಕು. ಭಾರತೀಯ ಭೂಸೇನೆಯ 1961ರ ಪಿಂಚಣಿ ನಿಯಮಾವಳಿ ಇದಕ್ಕೆ ಎರಡು ದಾರಿ ಇಟ್ಟಿತು. ಊನ ಸೇವೆಯಿಂದಲೇ ಬಂದಿರಬೇಕು, ಇಲ್ಲವೇ ಸೇವೆಯಿಂದ ಉಲ್ಬಣಿಸಿರಬೇಕು. ಅದರ ಪ್ರಮಾಣವೂ ಶೇ. 20ಕ್ಕಿಂತ ಕಡಿಮೆ ಇರುವಂತಿಲ್ಲ.

ಗುಂಡೇಟಿನ ಗಾಯಕ್ಕೆ ಹೆಚ್ಚು ವಾದ ಬೇಕಿಲ್ಲ. ತೊಡಕೆಲ್ಲ ಕಾಯಿಲೆಗಳದ್ದು. ಮೂರ್ಛೆರೋಗವೋ ಮನೋರೋಗವೋ ಯಾವಾಗ ಬೇರುಬಿಟ್ಟಿತು ಎಂದು ಹೇಳುವವರು ಯಾರು? 1982ರ ಅರ್ಹತಾ ನಿಯಮಗಳು ಇಲ್ಲಿ ಯೋಧನ ಕೈಹಿಡಿದವು. ಭರ್ತಿಯ ಹೊತ್ತಿನ ದಾಖಲೆಯಲ್ಲಿ ಕಾಯಿಲೆ ನಮೂದಾಗಿರದಿದ್ದರೆ ಆತ ಆಗ ಆರೋಗ್ಯವಂತನೇ ಆಗಿದ್ದ ಎಂದು ಭಾವಿಸಬೇಕು. ರುಜುವಾತಿನ ಹೊರೆ ಆತನದಲ್ಲ, ಸಂಶಯದ ಲಾಭ ಮಾತ್ರ ಆತನದು.

ಕಾಗದದ ಮೇಲಿನ ಈ ಔದಾರ್ಯ ಮೆಡಿಕಲ್ ಬೋರ್ಡ್‌ಗಳ ವರದಿಯಲ್ಲಿ ಎಷ್ಟೋ ಸಲ ಕಾಣೆಯಾಯಿತು. ‘ಸೇವೆಯಿಂದ ಬಂದದ್ದಲ್ಲ, ಉಲ್ಬಣಿಸಿದ್ದೂ ಅಲ್ಲ’ ಎಂಬ ಒಂದೇ ಸಾಲಿಗೆ, ಕಾರಣವನ್ನೂ ಕೊಡದೆ, ಪಿಂಚಣಿ ನಿಂತುಹೋಗುತ್ತಿತ್ತು.

1985ರಲ್ಲಿ ಸಿಗ್ನಲ್ ದಳ ಸೇರಿದ್ದ ಒಬ್ಬ ಸಿಪಾಯಿಯ ಕತೆ ಇಂಥದ್ದೇ. ಸೇರುವಾಗ ಆತನಲ್ಲಿ ಯಾವ ದೋಷವೂ ಕಂಡಿರಲಿಲ್ಲ. ಸುಮಾರು ಒಂಬತ್ತು ವರ್ಷದ ಸೇವೆಯ ಬಳಿಕ, 1994ರಲ್ಲಿ, ಮೂರ್ಛೆರೋಗದ ಕಾರಣಕ್ಕೆ ಆತನನ್ನು ಮನೆಗೆ ಕಳಿಸಲಾಯಿತು. ಊನ ಶೇ. 20 ಎಂದು ಬೋರ್ಡ್ ಒಪ್ಪಿತು. ಆದರೆ ಅದು ಆತನ ದೇಹಪ್ರಕೃತಿಯ ದೋಷ, ಸೇವೆಗೆ ಸಂಬಂಧವಿಲ್ಲ ಎಂದಿತು. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆತನ ಪರ ತೀರ್ಪಿತ್ತಿತು. ಭರ್ತಿಯ ವೇಳೆ ಕಾಯಿಲೆ ಏಕೆ ಪತ್ತೆಯಾಗಲಿಲ್ಲ ಎಂಬುದಕ್ಕೆ ಬೋರ್ಡ್ ಕಾರಣ ಬರೆಯಲೇಬೇಕು, ಬರೆಯದಿದ್ದರೆ ಸೇವೆಯೇ ಕಾರಣ ಎಂದು ತಿಳಿಯಬೇಕು ಎಂದಿತು. 2009ರಲ್ಲಿ ಕೆಲಸ ಶುರುಮಾಡಿದ್ದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಪೀಠಗಳು ಈ ತೀರ್ಪನ್ನೇ ಆಧಾರವಾಗಿಟ್ಟುಕೊಂಡು ಅನೇಕ ಅರ್ಜಿಗಳನ್ನು ಇತ್ಯರ್ಥಪಡಿಸಿದವು.

2014ರ ಡಿಸೆಂಬರ್‌ನಲ್ಲಿ ಇನ್ನೊಂದು ಹೆಜ್ಜೆ. ಶೇ. 20ರ ಊನವನ್ನು 50 ಎಂದು ಎಣಿಸುವಂಥ ಸೌಲಭ್ಯ ಅವಧಿ ಪೂರೈಸಿ ನಿವೃತ್ತರಾದವರಿಗೂ ದಕ್ಕಿತು.

2023ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ಹೊಸ ನಿಯಮಗಳು ಬಿಗಿಯಾಗಿವೆ. ದುರುಪಯೋಗ ತಡೆಯಲು ಇವು ಬೇಕು ಎಂಬುದು ಸರ್ಕಾರದ ವಾದ. ನಿಜವಾಗಿ ನೊಂದವರಿಗೂ ಬಾಗಿಲು ಮುಚ್ಚುತ್ತದೆ ಎಂಬುದು ಮಾಜಿ ಸೈನಿಕರ ಆತಂಕ, ಅದು ಸಕಾರಣವೇ. ಆ ದಿನಕ್ಕೆ ಮೊದಲೇ ಸೇವೆ ಬಿಟ್ಟವರಿಗೆ ಹಳೆಯ ನಿಯಮಗಳೇ ಅನ್ವಯಿಸುತ್ತವೆ.

ಅಂಥವರಲ್ಲಿ ಸಿಯಾಚಿನ್ ಹಿಮನದಿಯಲ್ಲಿದ್ದಾಗ ಮೂರ್ಛೆ ಕಾಣಿಸಿಕೊಂಡ ಯೋಧನೂ ಒಬ್ಬ. 1989ರಲ್ಲಿ ಸೇವೆಯಿಂದ ಬಿಡುಗಡೆಯಾದ ಆತನಿಗೆ ಪಿಂಚಣಿ ಕೊಡಿ ಎಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2025ರ ಏಪ್ರಿಲ್‌ನಲ್ಲಿ, 36 ವರ್ಷಗಳ ನಂತರ.